ಮೊಳೆಗೆ ಹಾಕಿದ ಬ್ಲೇಡು

ಇದು ಬೇರೆ ಸದ್ದು — ಎಂಟು ಮಹಡಿಯ ಮೇಲಿನ ಈ ಗಚ್ಚಿಗೂ ಕೇಳುತ್ತಿದೆ, ಗುಂಯ್ ಅನ್ನಬೇಕಾದದ್ದು ಗಡಗಡ ಅನ್ನುತ್ತಿದೆ, ಪೈಪು ಹಿಡಿದು ಕುಂಡಗಳಿಗೆ ನೀರು ಬಿಡುತ್ತ ಬಗ್ಗಿ ನೋಡುತ್ತೇನೆ, ಕೆಳಗೆ ಸೊಸೈಟಿಯ ಹುಲ್ಲಿನ ಮೇಲೆ ಕೆಂಪು ಸೀರೆಯ ಚುಕ್ಕೆ, ಶಿವಕಾಂತಾ, ನನ್ನ ಹೆಂಡತಿ, ಹುಲ್ಲು ಕೊಯ್ಯುವ ಮಷೀನು ದೂಡುತ್ತಿದ್ದಾಳೆ, ಅದರ ಬ್ಲೇಡು ಮಸೆದವನು ನಾನು. ಮುಂಜಾನೆ ಪಂಪಿನ ಕೋಣೆಯಲ್ಲಿ, ಕಲ್ಲು ತಾಕಿ ಕಚ್ಚು ಬಿದ್ದಿದ್ದ ಒಂದು ತುದಿಯನ್ನೇ ಉಜ್ಜಿದೆ, ಇನ್ನೊಂದು ತುದಿ ಚೆನ್ನಾಗಿಯೇ ಇತ್ತು, ಮುಟ್ಟಲಿಲ್ಲ — ಕುಡಗೋಲು ಮಸೆಯುವಾಗ ಅಪ್ಪ ಅನ್ನುತ್ತಿದ್ದ, ಮೊಂಡಾದಲ್ಲಿ ಅಷ್ಟ ಮಸಿಯೋ, ಬಾಯಿ ಇದ್ದಲ್ಲಿ ಸುಮ್ನ ಯಾಕ ಕಬ್ಬಿಣ ಸವಸ್ತಿ — ಕುಡಗೋಲು ತಿರುಗುವುದಿಲ್ಲವಲ್ಲ ಅಪ್ಪಾ, ಇದು ತಿರುಗುತ್ತದೆ, ನಡುವಿನ ತೂತನ್ನು ಗೋಡೆಯ ಮೊಳೆಗೆ ಹಾಕಿ ಕೈ ಬಿಟ್ಟೆ, ಮಸೆಯದ ತುದಿ ಮೆಲ್ಲಗೆ, ಮೆಲ್ಲಗೆ ಕೆಳಗೆ ಬಾಗಿತು, ಆ ಕಡೆ ತೂಕ ಹೆಚ್ಚು. ಮುರುಗೆಪ್ಪ ಸಾಹೇಬರು, ನಮ್ಮ ಸುಪರ್‌ವೈಜರ್, ಇಂಡಿ ಕಡೆಯವರು, ಬಾಗಿಲಲ್ಲಿ ನಿಂತು ನಕ್ಕರು, ಏನಲೇ ಅಂಬಾರಾಯ, ಅಕ್ಕಸಾಲಿಗ ಆದೇನ್, ಹುಲ್ಲ ಕೊಯ್ಯಾಕ ಗುಂಜಿ ತೂಕ ಬೇಕೇನ್, ಹಚ್ಚು ಹಚ್ಚು, ಹನ್ನೊಂದಕ್ಕ ಚೇರ್ಮನ್ ಬರ್ತಾರ — ಹೌದ್ರಿ ಅಂದೆ, ಹಚ್ಚಿದೆ, ಪಾನಾ ಹಾಕಿ ಬೋಲ್ಟು ಬಿಗಿದೆ, ಬಿಗಿದೆನಲ್ಲ? ಅವರು ಹೇಳಿದ್ದೂ ಖರೆ ಇರಬಹುದು, ಗುಂಜಿಯಷ್ಟು ಹೆಚ್ಚುಕಡಿಮೆ ಆದರೆ ಹುಲ್ಲಿಗೇನು ತಿಳಿಯುತ್ತದೆ, ಊರಲ್ಲಿ ನಮ್ಮ ಎತ್ತುಗಳೆರಡು ಸಮ ಇದ್ದವೇ, ಎಡದ್ದು ಗಿಡ್ಡ, ಆದರೂ ಬಿತ್ತನೆ ನಡೆಯಿತು — ಎತ್ತು ಗಿರಗಿರ ತಿರುಗುವುದಿಲ್ಲ, ತಿರುಗುವುದು ಕವಣೆ, ಜೋಳದ ಹೊಲದ ಅಟ್ಟದ ಮೇಲೆ ನಿಂತು ಗುಬ್ಬಿಗೆಂದು ಬೀಸಿದ್ದೆ, ಕಲ್ಲು ಒಂದು ಸುತ್ತು ಮೊದಲೇ ಜಾರಿತು, ಹೋದದ್ದು ಕಾಣಲಿಲ್ಲ, ಬದುವಿನ ಮೇಲೆ ಮೇಯುತ್ತಿದ್ದ ಆಡು ಕುಸಿದದ್ದು ಕಂಡಿತು, ಮಂಡಿಯ ಕೆಳಗೆ ಬಿಳಿ ಎಲುಬು. ಅದು ಕಲ್ಲು, ಇದು ಮೊಳದುದ್ದ ಕಬ್ಬಿಣ. ಫೋನು ಹಚ್ಚಿದೆ, ಆ ಸದ್ದಿನಲ್ಲಿ ಅವಳಿಗೆಲ್ಲಿ ಕೇಳಬೇಕು, ಏ ಶಿವಕಾಂತಾ ಎಂದು ಕೂಗಿದೆ, ಗಾಳಿ ನುಂಗಿತು, ಲಿಫ್ಟು ಬರುತ್ತಿಲ್ಲ, ಮೆಟ್ಟಿಲು, ಏಳು, ಆರು, ಗಡಗಡ ಹೆಚ್ಚುತ್ತಿದೆ, ಐದು, ಚಪ್ಪಲಿಯಾದರೂ ಹಾಕಿರಲಿ, ಹಾಕಿರುವುದಿಲ್ಲ, ಹುಲ್ಲು ಭಾಳ ಮೆತ್ತಗದ, ನಮ್ಮವ್ವನ ಕೌದಿ ಇದ್ದಂಗ, ಇದರ ಮ್ಯಾಲ ಯಾರರ ಚಪ್ಪಲಿ ಮೆಟ್ತಾರೇನ್ರಿ ಅಂದು ದಿನಾ ಬಿಟ್ಟೇ ದೂಡುತ್ತಾಳೆ, ನಾಲ್ಕು, ಮೂರು, ಸದ್ದು ನಿಂತಿತು. ನಿಂತಿತು — ಯಾಕೆ ನಿಂತಿತು — ಎರಡು, ಒಂದು, ಬಿಸಿಲು, ಹುಲ್ಲು, ಅವಳು ನಿಂತಿದ್ದಾಳೆ, ವೈರು ಕಿತ್ತಿಟ್ಟು ಅಂಗೈ ಉಜ್ಜಿಕೊಳ್ಳುತ್ತ ನಗುತ್ತಿದ್ದಾಳೆ, ಏನ್ರಿ, ದೆವ್ವ ಕಂಡವರಂಗ ಓಡಿ ಬಂದ್ರಿ, ನಿಮ್ಮ ಮಷೀನಿಗಿ ಚಳಿಜ್ವರ ಬಂದದ ನೋಡ್ರಿ, ಕೈ ಜುಮ್ ಅಂದು ಬಂದ್ ಮಾಡೀನಿ — ಮಷೀನು ಮಗುಚಿದೆ, ಬೋಲ್ಟಿಗೆ ಪಾನಾ ಬೇಕಾಗಲಿಲ್ಲ, ಎರಡು ಬೆರಳಿಗೇ ತಿರುಗಿತು, ಅರ್ಧ ಸುತ್ತು, ಕಳಚಿ ಕೈಗೆ ಬಂತು, ಅರ್ಧ ಸುತ್ತು. ಗೇಟಿನಿಂದ ಸಾಹೇಬರ ದನಿ, ಯಾಕ ನಿಂತದಲೇ, ಚಾಲೂ ಮಾಡ್ರಿ — ಏನಾಗ್ಯದ್ರಿ ಅದಕ, ಅನ್ನುತ್ತಿದ್ದಾಳೆ ಅವಳು, ಬರಿಗಾಲು ಇಲ್ಲೇ ಇದೆ, ಕಾಲುಂಗುರಕ್ಕೆ ಕೊಯ್ದ ಹುಲ್ಲಿನ ಎಸಳು ಅಂಟಿದೆ, ಬ್ಲೇಡು ನನ್ನ ಕೈಯಲ್ಲಿ ಬಿಸಿ, ಮುಂಜಾನೆಯ ಮೊಳೆ, ಮೊಳೆಯ ಮೇಲೆ ಬ್ಲೇಡು, ಮಸೆಯದ ತುದಿ ಮೆಲ್ಲಗೆ, ಮೆಲ್ಲಗೆ ಕೆಳಗೆ