ಪೆಟ್ಟಿಗೆಯ ಎತ್ತರ

ಶಿಗ್ಗಾಂವಿಯಲ್ಲಿ ಯಾರು ಯಾವ ಅಂಗಡಿ ತೆರೆದರೂ ಊರಿನವರು ಒಂದು ಮಾತು ಹೇಳದೆ ಬಿಡುವುದಿಲ್ಲ: ವ್ಯಾಪಾರ ಚಲೋ ನಡೀಲಿ. ಕಿರಾಣಿ ಅಂಗಡಿಗೂ ಅದೇ, ಕ್ಷೌರದ ಅಂಗಡಿಗೂ ಅದೇ. ಜೊತೆಗೆ ಕೈಗುಣ ಇದ್ದವರನ್ನು ಹುಡುಕಿ ಕರೆತಂದು ಬೋಣಿ ಮಾಡಿಸುತ್ತಾರೆ. ಮೃತ್ಯುಂಜಯ ಹೂಡಬೇಕೆಂದಿದ್ದ ಧಂದೆಗೆ ಮಾತ್ರ ಹರಸುವ ಬಾಯಿ ಸಿಗಲಿಲ್ಲ. ಹೆಣ ಕೆಡದಂತೆ ಇಡುವ ತಂಪು ಪೆಟ್ಟಿಗೆಯನ್ನು ಬಾಡಿಗೆಗೆ ಕೊಡುವ ಧಂದೆ ಅದು. ಚಲೋ ನಡೀಲಿ ಅಂದರೆ ಯಾರ ಮನೆಯಲ್ಲಿ ಏನಾಗಲಿ ಅಂದ ಹಾಗಾಯಿತು? ಕೇಳಿದವರು ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಹೋಗುತ್ತಿದ್ದರು. ಹೆಸರು ನೋಡಿದರೆ ಮೃತ್ಯುಂಜಯ, ತಿನ್ನಲು ಹೊರಟದ್ದು ಸಾವಿನ ಬಾಡಿಗೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ನಕ್ಕವರೂ ಇದ್ದರು. ನಗಲಿ ಬಿಡಿ, ನಗುವವರ ಮನೆಗೂ ಒಂದು ದಿನ ಬೇಕಾಗುವ ವಸ್ತುವೇ.

ಅವನಿಗೆ ಈ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ಹೋದ ವರ್ಷ ಏಪ್ರಿಲ್ ಬಿಸಿಲಿನಲ್ಲಿ ಅಪ್ಪ ತೀರಿಕೊಂಡಾಗ ಅಕ್ಕ ಶೀಲಾ ಸೂರತ್ತಿನಲ್ಲಿದ್ದಳು. ಗಂಡನಿಗೆ ಅಲ್ಲಿ ಬಟ್ಟೆ ಮಿಲ್ಲಿನಲ್ಲಿ ಕೆಲಸ. ಸುದ್ದಿ ಮುಟ್ಟಿದ ಕೂಡಲೇ ಅವಳು ರೈಲು ಹತ್ತಿದಳು, ಆದರೆ ಇಲ್ಲಿ ದೇಹ ತಡೆಯಲಿಲ್ಲ. ಇನ್ನು ಇಡುವುದು ಬೇಡ ಎಂದು ಹಿರಿಯರು ಅಂದರು, ಇವನು ಹೂಂ ಅಂದ. ಅವಳು ಬಂದು ನೋಡಿದ್ದು ಹಸಿ ಮಣ್ಣಿನ ಗುಡ್ಡೆಯನ್ನು. ಅಳಲಿಲ್ಲ, ಬೈಯಲಿಲ್ಲ. "ಒಂದ ದಿನ ತಡ್ಯಾಕ ಆಗ್ಲಿಲ್ಲೇನೋ ನಿನಗ?" ಎಂದಷ್ಟೇ ಕೇಳಿದಳು. ಕಾರ್ಯ ಮುಗಿಸಿ ಹೋದವಳು ಇಂದಿಗೂ ತಮ್ಮನ ಫೋನ್ ಎತ್ತುವುದಿಲ್ಲ. ಅವ್ವ ಹೊನ್ನವ್ವ ಮಾಡಿದರೆ ಮಾತ್ರ ಎತ್ತುತ್ತಾಳೆ, ಅದೂ ಎರಡು ಮಾತಿಗೆ.

ಆ ಪ್ರಶ್ನೆ ಮೃತ್ಯುಂಜಯನನ್ನು ಬಿಡಲಿಲ್ಲ. ಮೊದಲೇ ಪರರ ಗೂಡ್ಸ್ ಗಾಡಿ ಓಡಿಸಿ ಓಡಿಸಿ ಬೇಸತ್ತಿದ್ದ. ಹುಬ್ಬಳ್ಳಿಯಲ್ಲಿ ಒಮ್ಮೆ ಗಾಜಿನ ಮುಚ್ಚಳದ ಅಂಥ ಪೆಟ್ಟಿಗೆ ಕಂಡದ್ದೇ ತಡ, ಹಿಂದುಮುಂದು ನೋಡದೆ ಸಂಚಕಾರದ ಹಣ ಕೊಟ್ಟು ಬಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಬೋರ್ಡು ಬರೆಸಲೂ ಹೋದ. ಪೇಂಟರು ಬ್ರಷ್ ತೊಳೆಯುತ್ತ, ಬೇರೆ ಏನಾದರೂ ಇದ್ದರೆ ಹೇಳು ಅಂದ. ಆ ಪೆಟ್ಟಿಗೆ ಹೊಸ್ತಿಲು ದಾಟಿದ ದಿನ ತಾನು ದುಂಡಸಿಯ ತವರಿಗೆ ನಡೆಯುತ್ತೇನೆಂದು ಹೆಂಡತಿ ವಾಣಿಶ್ರೀ ಮೊದಲೇ ಹೇಳಿದ್ದಳು.

ಹೊನ್ನವ್ವ ಮಾತ್ರ ಏನೂ ಅಂದಿರಲಿಲ್ಲ. ಒಂದು ಮಧ್ಯಾಹ್ನ ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತ ಕೂತವಳಿಗೆ ಅವನೇ ಫೋನಿನಲ್ಲಿ ಪೆಟ್ಟಿಗೆಯ ಫೋಟೋ ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಎತ್ತರ ಎಷ್ಟೈತಿ?"

ಅವನು ಕೈಯಿಂದ ತೋರಿಸಿದ. ಮೊಳಕಾಲಿಗಿಂತ ತುಸು ಕೆಳಗೆ.

"ಹಂಗಾರ ಮಲಗಿಸಿ ಇಡೂದು," ಎಂದಳು ಅವ್ವ. "ನಾವು ಕುಂದ್ರಸ್ತೇವಲ್ಲೋ, ಯಪ್ಪಾ."

ಮೃತ್ಯುಂಜಯ ಫೋನನ್ನು ಕಿಸೆಗೆ ಇಳಿಸಿದ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಿಸಿ, ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿ ಕೂಡಿಸುತ್ತಾರೆ. ಮೆರವಣಿಗೆಯೂ ಕೂತೇ, ಮಣ್ಣೂ ಕೂತೇ. ಕಾಲು ಮಡಿಸುವುದು ಮೈ ಬಿಸಿಯಿರುವಾಗಲೇ ಆಗಬೇಕು. ಮಲಗಿಸಿ ತಂಪಿನಲ್ಲಿಟ್ಟ ದೇಹ ಹಲಗೆಯಂತೆ ಸೆಟೆದರೆ ಮತ್ತೆ ಯಾರು ಕೂಡಿಸಬೇಕು? ಅಪ್ಪನ ಕಾಲು ಮಡಿಸಿದ್ದು ಇದೇ ಮೃತ್ಯುಂಜಯ. ಹಾಗಿದ್ದೂ ನೆನಪಾಗಲಿಲ್ಲ. ಪೆಟ್ಟಿಗೆ ನೋಡುವಾಗ ಅವನ ಕಣ್ಣಿಗೆ ಕಟ್ಟಿದ್ದು ಅಕ್ಕನ ಮುಖವೊಂದೇ. ಬಾಡಿಗೆಗೆ ಕೇಳಬೇಕಾದ ಓಣಿಯೆಲ್ಲ ತನ್ನವರದೇ, ತನ್ನವರಿಗೇ ಉಪಯೋಗಕ್ಕೆ ಬಾರದ ಪೆಟ್ಟಿಗೆ ಹಿಡಿದು ಹೊರಟಿದ್ದ. ಸಂಚಕಾರ ಮುಳುಗಿತು. ಅದಕ್ಕಿಂತ ಹೆಚ್ಚಾಗಿ, ಅಕ್ಕನಿಗೆ ಕೊಡಬಹುದು ಅಂದುಕೊಂಡಿದ್ದ ಒಂದೇ ಉತ್ತರವೂ ಕೈಬಿಟ್ಟು ಹೋಯಿತು. ಅವತ್ತಿನಿಂದ ಅವನಿಗೆ ಊಟ ಸೇರಲಿಲ್ಲ.

ಕೊನೆಗೆ ಸವಣೂರಿಗೆ ಹೋದ. ಅಲ್ಲಿ ಫ್ರಿಜ್ ರಿಪೇರಿ ಮಾಡುವ ದಿಲಾವರ ಅವನ ಹಳೆಯ ಸ್ನೇಹಿತ. ಎಲ್ಲ ಕೇಳಿಸಿಕೊಂಡ ದಿಲಾವರ, ತಂಪು ಪಾನೀಯದ ಅಂಗಡಿಯಲ್ಲಿ ಫ್ರಿಜ್ ನಿಲ್ಲಿಸಿರುತ್ತಾರಲ್ಲ, ಅಂಥದ್ದನ್ನೇ ಅಗಲ ಮಾಡಿ, ಮುಂದೆ ಗಾಜಿಟ್ಟು ಕಟ್ಟಿಕೊಡಬಹುದು ಅಂದ. ಆದರೆ ಅಂಥ ಪೆಟ್ಟಿಗೆ ಅವನೂ ಎಲ್ಲೂ ಕಂಡಿರಲಿಲ್ಲ.

"ನೋಡಪಾ, ಒಮ್ಮಿ ಕಟ್ಟಿದ ಮ್ಯಾಲ ಇದನ್ನ ಮತ್ತೊಬ್ಬರು ತಗೊಳ್ಳೂದಿಲ್ಲ. ಬ್ಯಾಡ ಅನ್ನೂದಾದ್ರ ಈಗ ಅಂದುಬಿಡು."

ಮೃತ್ಯುಂಜಯ ಬೇಕು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಭಾನುವಾರ ಅಳತೆಗೆ ಬಾ ಅಂದ.

ಭಾನುವಾರ ದಿಲಾವರ ಟೇಪು ಹಿಡಿದು ಪಡಸಾಲೆಗೆ ಬಂದ. ಕೂತ ಮನುಷ್ಯನ ಅಳತೆ ಬೇಕಿತ್ತು. ಮೃತ್ಯುಂಜಯ ತಾನೇ ಗೋಡೆಗೆ ಬೆನ್ನು ಕೊಟ್ಟು ಕಾಲು ಮಡಿಸತೊಡಗಿದ. ಅಪ್ಪನನ್ನು ಕೂಡಿಸಿದ್ದ ಜಾಗವೇ ಅದು. ಒಳಗಿನಿಂದ ಬಂದ ಹೊನ್ನವ್ವ ಅವನ ರಟ್ಟೆ ಹಿಡಿದಳು.

"ಏಳು ಅಲ್ಲಿಂದ. ಮಗಾ ಕುಂದ್ರೂ ಜಾಗ ಅಲ್ಲ ಅದು."

ಅವನನ್ನು ಸರಿಸಿ ತಾನು ಕೂತಳು. ಕಾಲು ಮಡಿಸಿಕೊಂಡು, ಸೆರಗು ತಲೆಯ ಮೇಲೆಳೆದು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಬೆಳಗಿನ ವಿಭೂತಿ ಹಣೆಯ ಮೇಲೆ ಇನ್ನೂ ಇತ್ತು. ದಿಲಾವರ ಟೇಪನ್ನು ಗೆಳೆಯನ ಕೈಗೆ ಕೊಟ್ಟು ಬಾಗಿಲ ಕಡೆ ಮುಖ ಮಾಡಿ ನಿಂತ. ಮೃತ್ಯುಂಜಯ ಟೇಪು ಬಿಚ್ಚದೆ ಅವಳ ಮುಂದೆ ಕುಕ್ಕರಿಸಿದ.

"ಬ್ಯಾಡವ್ವ. ಈ ಧಂದೆನ ಬ್ಯಾಡ ನನಗ."

ಅವಳು ಕಣ್ಣು ತೆರೆಯಲಿಲ್ಲ.

"ಚಲೋ ನಡೀಲಿ ಅಂತ ನಾನೂ ಅನ್ನೂದಿಲ್ಲ. ಹಂಗನ್ನಾಕ ಬರೂದಿಲ್ಲ. ಬೋಣಿ ಮಾತ್ರ ನಂದ ಆಗ್ಲಿ. ಮಾರಿ ಕಡೆ ಗಾಜ ಚಲೋದು ಹಾಕ್ಸು. ಆವಾಗ ಶೀಲಾ ಬರೂತನಕ ತಡಿ."

ಮೃತ್ಯುಂಜಯ ಅವಳ ನೆತ್ತಿಯ ಮೇಲೆ ಗೋಡೆಗೆ ಪೆನ್ಸಿಲ್ಲಿನಿಂದ ಗೆರೆ ಎಳೆದ. ಗೆರೆ ಸೊಟ್ಟಾಯಿತು. ಟೇಪು ಸುತ್ತಿಟ್ಟು, ಆತವ್ವ, ಏಳು ಅಂದ. ಅವಳು ಏಳಲಿಲ್ಲ. ಬಗ್ಗಿ ಭುಜ ಮುಟ್ಟಿ ಮತ್ತೊಮ್ಮೆ ಕರೆದಾಗಲೇ ಅವಳು ಕಣ್ಣು ತೆರೆದದ್ದು.