ಎಂಟರ ಒಂದು ಗೆರೆ

ನನ್ನ ರಿಪೇರಿ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಯಂತ್ರದ ಜೊತೆ ಮನೆಯ ಜಗಳವನ್ನೂ ಹೊತ್ತು ತರುತ್ತಾರೆ. ಮಿಕ್ಸಿ ಕೆಟ್ಟಿದ್ದು ಅತ್ತೆಯಿಂದಲೋ ಸೊಸೆಯಿಂದಲೋ ನಾನೇ ತೀರ್ಪು ಕೊಡಬೇಕು. ಕೊಡುವುದಿಲ್ಲ. ತಿರುಪು ಬಿಚ್ಚುವುದಷ್ಟೇ ನನ್ನ ಕೆಲಸ.

ಅವತ್ತು ಬೆಳಿಗ್ಗೆ ಬಂದದ್ದು ಎದುರು ಸಾಲಿನ ಪ್ಲೇಟು ಮಾಮನ ಹೆಂಡತಿ. ಮಾಮ ಗಾಡಿಗಳ ನಂಬರ್ ಪ್ಲೇಟಿಗೆ ಕೈಯಲ್ಲೇ ಅಂಕಿ ಬರೆಯುವವರು, ಅದಕ್ಕೇ ಆ ಹೆಸರು. ಆಕೆಯ ಒಂದು ಕೈಯಲ್ಲಿ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಇನ್ನೊಂದರಲ್ಲಿ ಅಕ್ಕಿ ಡಬ್ಬಿ, ಹೆಗಲಿಗೆ ಬಟ್ಟೆ ತುಂಬಿದ ಚೀಲ. ಮಾಮ ಹಿಂದೆಯೇ ಬಂದು, ಒಳಗೆ ಕಾಲಿಡದೆ ಬಾಗಿಲಿಗೆ ಒರಗಿ ನಿಂತರು.

"ಇದು ಸುಳ್ಳು ಹೇಳ್ತಿದೆಯೋ, ಇವರು ಸುಳ್ಳು ಹೇಳ್ತಿದಾರೋ, ಇವತ್ತು ತೀರ್ಮಾನ ಆಗ್ಬೇಕು," ಅಂದರು ಆಕೆ.

ವಿಷಯ ಇಷ್ಟೇ. ಮಾಮನಿಗೆ ಸಕ್ಕರೆ ಕಾಯಿಲೆ. ಒಂದು ಊಟಕ್ಕೆ ಅರವತ್ತು ಗ್ರಾಂ ಅಕ್ಕಿ, ಅದಕ್ಕಿಂತ ಒಂದು ಕಾಳೂ ಹೆಚ್ಚು ಬೇಡ ಎಂದು ಡಾಕ್ಟರು ಹೇಳಿ ನಾಲ್ಕು ತಿಂಗಳಾಗಿತ್ತು. ಆಕೆ ತಕ್ಕಡಿ ಕೊಂಡು ತಂದು, ಕಣ್ಣಲ್ಲಿ ಕಣ್ಣಿಟ್ಟು ತೂಗಿ ಬೇಯಿಸಿದರು. ಸಕ್ಕರೆ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಮುಂದಿನ ತಿಂಗಳಿಂದ ಸೂಜಿ ಅಂದರು ಡಾಕ್ಟರು. ಗಂಡ ಕದ್ದು ತಿನ್ನುತ್ತಿದ್ದಾನೆ ಎಂದು ಹೆಂಡತಿ ಖಾತ್ರಿ ಮಾಡಿಕೊಂಡರು. ಬೀರುವಿಗೆ ಬೀಗ ಬಿತ್ತು. ದಿನಾ ಸಂಜೆ ಗಂಡನ ಬೆರಳು ಮೂಸಿ ನೋಡುವುದೂ ಶುರುವಾಯಿತು. ಬೆರಳಿನಲ್ಲಿ ಬಣ್ಣದ ವಾಸನೆ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲವಂತೆ.

"ಕಳ್ಳನ ಜೊತೆ ಬಾಳೋಕೆ ನನ್ನ ಕೈಲಾಗಲ್ಲ. ತಕ್ಕಡಿ ಸರಿ ಇದ್ರೆ ನಾನು ಇಲ್ಲಿಂದ್ಲೇ ಮಗಳ ಮನೆಗೆ ಹೊರಟೆ."

ನಾನು ಬುಡದ ಮುಚ್ಚಳ ತೆಗೆದು ಸೆಲ್ ಬದಲಿಸಿ ಗುಂಡಿ ಒತ್ತಿದೆ. ಇಂಥ ತಕ್ಕಡಿಗಳು ಹೊತ್ತಿಕೊಂಡ ಕೂಡಲೇ ಒಂದು ಕ್ಷಣ ಮೂರು ಎಂಟುಗಳನ್ನು ತೋರಿಸಿ ಆಮೇಲೆ ಸೊನ್ನೆಗೆ ಬರುತ್ತವೆ. ಎಲ್ಲ ಗೆರೆಗಳೂ ಬೆಳಗುತ್ತಿವೆಯೇ ಎಂದು ನೋಡಲು ಇರುವ ಕ್ಷಣ ಅದು. ಆ ಕ್ಷಣದಲ್ಲಿ ನಾನು ಡ್ರಾಯರಿನಲ್ಲಿ ತೂಕದ ಕಲ್ಲು ಹುಡುಕುತ್ತಿದ್ದೆ. ಐವತ್ತರ ಕಲ್ಲು ಇಟ್ಟೆ, ಐವತ್ತು ತೋರಿಸಿತು. ಪಕ್ಕದಲ್ಲಿ ಹತ್ತರದ್ದು ಇಟ್ಟೆ, ಅರವತ್ತು.

"ಚಿನ್ನದಂಥ ತಕ್ಕಡಿ," ಅಂದುಬಿಟ್ಟೆ.

ಆಕೆ ಜಾರುತ್ತಿದ್ದ ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

ಬಾಗಿಲಲ್ಲಿ ಮಾಮ ಕೆಮ್ಮಿದರು. "ಮನೇಲಿ ಹೆಂಗೆ ತೂಗ್ತೀಯೋ ಹಂಗೇ ಒಂದ್ಸಲ ತೂಗಿ ತೋರ್ಸು ಅವರಿಗೆ."

"ತೋರ್ಸೋಕೇನಿದೆ? ಎಲ್ಲರ ಹಂಗೇ."

"ತೋರ್ಸೇ, ಮಾರಾಯ್ತಿ."

ಎಲ್ಲರ ಹಾಗೇನೂ ಇರಲಿಲ್ಲ. ಬೇರೆಯವರು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಅರವತ್ತಕ್ಕೆ ನಿಲ್ಲಿಸುತ್ತಾರೆ. ಆಕೆ ನನ್ನ ಬಟ್ಟಲಿಟ್ಟು ಸೊನ್ನೆಗೆ ತಂದು, ಡಬ್ಬಿ ಬಗ್ಗಿಸಿ ಒಂದೇ ಸಲಕ್ಕೆ ಧಾರಾಳವಾಗಿ ಸುರಿದರು. ಆಮೇಲೆ ಚಿಟಿಕೆ ಚಿಟಿಕೆಯಾಗಿ ಹಿಂದಕ್ಕೆ ತೆಗೆದರು. ಬಡಿಸಿ ಬಡಿಸಿ ಅಭ್ಯಾಸವಾದ ಕೈ. ಅರವತ್ತೇಳು, ಅರವತ್ತನಾಲ್ಕು, ಅರವತ್ತೊಂದು, ಅರವತ್ತು.

"ನೋಡಿ!" ಅಂದರು.

ಬಟ್ಟಲಿನ ಗುಡ್ಡೆ ಯಾಕೋ ದೊಡ್ಡದಾಗಿ ಕಂಡಿತು. ಅಕ್ಕಿ ಇಳಿಸಿ, ತಕ್ಕಡಿ ಆರಿಸಿ ಮತ್ತೆ ಹೊತ್ತಿಸಿದೆ. ಈ ಸಲ ಕಣ್ಣು ಕೀಳದೆ ನೋಡಿದೆ. ಎಂಟು, ಆರು, ಎಂಟು. ನಡುವಿನ ಎಂಟಿಗೆ ಬಲಗಡೆಯ ಮೇಲಿನ ಗೆರೆಯೇ ಇಲ್ಲ. ಎಂಬತ್ತು ಗ್ರಾಮಿನ ಕಲ್ಲುಗಳನ್ನಿಟ್ಟೆ, ಅರವತ್ತು ಅಂದಿತು. ಮೇಲಿನಿಂದ ಇಳಿಸುತ್ತ ಬರುವ ಆಕೆಯ ಕೈ ಎಂಬತ್ತರಲ್ಲೇ ನಿಂತುಬಿಡುತ್ತಿತ್ತು. ಐದಕ್ಕೂ ಆರಕ್ಕೂ ಆ ಗೆರೆ ಬೇಕಿಲ್ಲ, ಹಾಗಾಗಿ ನನ್ನ ಮೊದಲ ಪರೀಕ್ಷೆಯಲ್ಲಿ ತಪ್ಪು ಸಿಕ್ಕಿರಲಿಲ್ಲ. ಇಪ್ಪತ್ತೆಂಟು ವರ್ಷದ ಅನುಭವದವನು ಹೀಗೆ ಟೋಪಿ ಹಾಕಿಸಿಕೊಂಡದ್ದಕ್ಕೆ ನಾಚಿಕೆಯಾಯಿತು.

ವಿಷಯ ಹೇಳಿದೆ. ಆಕೆ ಸ್ಟೂಲಿನ ಮೇಲೆ ಕುಸಿದು ಕೂತರು.

"ಅಯ್ಯೋ! ಹೊತ್ತು ಹೊತ್ತಿಗೂ ಇಪ್ಪತ್ತು ಗ್ರಾಂ ಹೆಚ್ಚಿಗೆ ನಾನೇ ಕೈಯಾರೆ ಇಕ್ಕಿ, ಕಳ್ಳ ಅಂದೆನಲ್ಲಾ ಇವರನ್ನ! ಬೆರಳು ಮೂಸಿದೆನಲ್ಲಾ! ಎಂಥಾ ಪಾಪಿ ನಾನು!"

ಕಣ್ಣೀರು ದಳದಳ ಇಳಿಯಿತು. ಮಾಮ ಆಗಲೂ ಒಳಗೆ ಬರಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಹೋದ ವರ್ಷ ನನ್ನ ಸ್ಕೂಟರಿನ ಪ್ಲೇಟನ್ನು ಇದೇ ಮಾಮ ಮೂರನೇ ದಿನ ತಾವಾಗಿಯೇ ಬಿಚ್ಚಿಕೊಂಡು ಹೋಗಿದ್ದರು, ಎಂಟರ ಹೊಟ್ಟೆ ಕೂದಲೆಳೆಯಷ್ಟು ದಪ್ಪವಾಯಿತು ಎಂದು. ಅಂಥ ಕಣ್ಣು ಅದು. ನನಗೆ ಎಲ್ಲ ಅರ್ಥವಾಯಿತು. ನನ್ನ ಕೆಲಸವಲ್ಲ ಎಂದು ನಾಲಗೆ ಕಚ್ಚಿಕೊಂಡೆ.

ಆದರೆ ಆಕೆಯೇನು ಕಡಿಮೆಯೇ? ಮೂಗು ಒರೆಸಿಕೊಳ್ಳುತ್ತಿದ್ದ ಸೆರಗು ಅರ್ಧಕ್ಕೇ ನಿಂತಿತು.

"ದಿನಾ ಗುಂಡಿ ಒತ್ತಿ ಕೊಡೋದು ನೀವೇ ಅಲ್ವಾ?"

"ಹೂಂ."

"ಆ ಗೆರೆ ಇಲ್ಲದ್ದು ಯಾವತ್ತು ನೋಡಿದ್ರಿ?"

"ತಂದ ದಿನಾನೇ."

ನಾನು ತಕ್ಕಡಿ ಬಿಚ್ಚತೊಡಗಿದೆ.

"ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ," ಅಂದರು ಮಾಮ. "ಹೊಟ್ಟೆ ಹಸೀತಿತ್ತು ಕಣೇ. ಆಮೇಲೆ ನೀನು ಕಳ್ಳ ಅಂದೆ. ಅದೇನು ಸುಳ್ಳಲ್ವಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ."

ಆಕೆ ಬೈಯುತ್ತಾರೆ ಎಂದು ನಾನು ಕಾದೆ. ಬೈಯಲಿಲ್ಲ. ತಕ್ಕಡಿಯಲ್ಲಿ ಅಂಕಿ ಕಾಣುವ ಗಾಜಿನ ಹಿಂದಿನ ರಬ್ಬರ್ ಪಟ್ಟಿ ಒಂದಿಷ್ಟು ಸರಿದಿತ್ತು, ಸ್ಪಿರಿಟ್ಟಿನಲ್ಲಿ ಒರೆಸಿ ಕೂರಿಸಿದೆ. ತಿರುಪು ಬಿಗಿ ಮಾಡಿದಾಗ ಗೆರೆ ಮರಳಿ ಬಂತು.

ಆಕೆ ತಕ್ಕಡಿಯನ್ನೂ ಡಬ್ಬಿಯನ್ನೂ ಬಾಗಿಲ ಕಡೆಗೆ ತಳ್ಳಿದರು. ಸ್ಟೂಲು ತಿರುಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತರು.

"ಇನ್ಮೇಲೆ ನೀವೇ ತೂಗಿ. ನಾನು ನೋಡಲ್ಲ."

ಮಾಮ ಒಳಗೆ ಬಂದರು. ಬಟ್ಟಲಿಟ್ಟು ಗುಂಡಿ ಒತ್ತಿ, ಮೂರು ಎಂಟುಗಳನ್ನೂ ನೋಡಿದರು. ಅಕ್ಕಿಯನ್ನು ಕಾಳು ಕಾಳಾಗಿ ಬಿಟ್ಟರು. ಅರವತ್ತಕ್ಕೆ ಕೈ ನಿಂತಿತು. ಹೆಂಡತಿಯ ಬೆನ್ನನ್ನು ಒಂದು ಗಳಿಗೆ ನೋಡಿ, ಒಂದು ಚಿಟಿಕೆ ಹಿಂದಕ್ಕೆ ತೆಗೆದರು.

"ಎಷ್ಟು?" ಅಂತ ಕೇಳಿದರು ಆಕೆ.

"ಐವತ್ತೆಂಟು."

ನಾನು ನೋಡಿದೆ. ಐವತ್ತೆಂಟೇ ಇತ್ತು.

ಆಕೆ ತಿರುಗಲಿಲ್ಲ. ಹೆಗಲ ಚೀಲವನ್ನು ಇಳಿಸಿ ಕಾಲ ಬಳಿ ಇಟ್ಟರು.

"ಇನ್ನೆರಡು ಹಾಕ್ಕೊಳ್ಳಿ," ಅಂದರು. "ಅರವತ್ತು ನಿಮ್ಮದೇ."