ಆರನೆಯ ಬಂಗಾರದ ಗಡಿಯಾರ

ನಿಪ್ಪಾಣಿಯ ತಂಬಾಕಿನ ವ್ಯಾಪಾರಿ ಧನಪಾಲನಿಗೆ ಹಳೇ ಬಂಗಾರದ ಕೈಗಡಿಯಾರಗಳ ಹುಚ್ಚು. ಊರೂರು ಅಲೆದು, ಸತ್ತವರ ಟ್ರಂಕಿನಿಂದ, ಸರಾಫರ ತಕ್ಕಡಿಯಿಂದ ಬಿಡಿಸಿ ತಂದವು ಅವು. ಹೋದ ಚಾತುರ್ಮಾಸದಲ್ಲಿ ಬೇಡಕಿಹಾಳಕ್ಕೆ ಬಂದ ಜೈನ ಮುನಿಗಳ ಮುಂದೆ ಕೂತಾಗ, ಆಸೆಗೊಂದು ಮೇರೆ ಇರಲಿ ಎಂದು ವ್ರತ ತಗೊಂಡುಬಿಟ್ಟ: ಬಂಗಾರದ ಗಡಿಯಾರ ಐದೇ, ಆರನೆಯದು ಬೇಡ. ಆಗ ಅವನ ಹತ್ತಿರ ಇದ್ದದ್ದೂ ಐದೇ. ವ್ರತ ಹಗುರಾಗಿತ್ತು, ಅಕ್ಕೋಳದ ಮುರಗೆಪ್ಪ ಬರುವ ತನಕ.

ಕಬ್ಬು ಬೆಳೆಯುವ ಈ ಹಳೇ ಗೆಳೆಯ ಪಡಸಾಲೆಯಲ್ಲಿ ಕೂತು, ಕರವಸ್ತ್ರದ ಗಂಟು ಬಿಚ್ಚಿ ಒಂದು ಗಡಿಯಾರ ಮುಂದಿಟ್ಟ. "ನಮ್ಮ ಸ್ವಾದರಮಾವಂದು. ಕೊಲ್ಲಾಪುರದಾಗ ವಕೀಲ ಇದ್ದಾಂವ. ದಿನಾ ಕಬ್ಬಿನ ಒಣ ರವದಿ ಎಲಿ ಚುಚ್ಚೋ ಕೈಗೆ ಬಂಗಾರ ಯಾಕಲೇ? ನಿನ್ನಂಥ ಹುಚ್ಚನ ಕಡೆ ಇರ್ಲಿ."

ಧನಪಾಲ ಹಿಂದಿನ ಮುಚ್ಚಳ ಎಬ್ಬಿಸಿ, ಭೂತಗನ್ನಡಿ ಕಣ್ಣಿಗಿಟ್ಟ. ಹೊರಗಿನ ಬಂಗಾರ ಏನೂ ಅಲ್ಲ. ಒಳಗೆ, ಯಾರೂ ನೋಡದ ಜಾಗದಲ್ಲಿ, ಸಣ್ಣ ತಿರುಪಿನ ತಲೆಯನ್ನೂ ಯಾರೋ ಕನ್ನಡಿಯ ಹಾಗೆ ಉಜ್ಜಿಟ್ಟಿದ್ದರು. ಕೆಂಪು ಹರಳುಗಳ ನಡುವೆ ತಂಬಾಕಿನ ಬೀಜ ಹಿಡಿಸದಷ್ಟು ಸಣ್ಣ ತೂತು. ಚಾವಿ ಎರಡು ಸುತ್ತು ತಿರುವಿದ. ಚಕ್ರ ತಡವರಿಸಿತು, ಆಮೇಲೆ ಕೂಸಿನ ನೆತ್ತಿಯ ಹಾಗೆ ಬಡಿದುಕೊಳ್ಳತೊಡಗಿತು.

"ಮಾಡಿದಾಂವ ಸತ್ತು ಎಷ್ಟ ವರ್ಷಾತೋ ಏನೋ," ಅಂದ ಧನಪಾಲ. "ಅವನ ಕೈ ಇನ್ನೂ ಇದರಾಗ ಆಡಾಕತ್ತೇತಿ ನೋಡಲೇ."

"ತಗೋ ಹಂಗಾರ."

"ವ್ರತ ಐತಿ."

"ಐದರಾಗ ಒಂದ ಬಿಡು."

ಒಂದನ್ನು ಬಿಡುವುದೆಂದರೆ ಧನಪಾಲನಿಗೆ ಬೆರಳು ಕೊಯ್ದು ಕೊಟ್ಟಂತೆ. ಅವನ ಮುಖ ನೋಡಿ ಮುರಗೆಪ್ಪನೇ ದಾರಿ ತೋರಿಸಿದ: "ವೈನಿ ಹೆಸರಿಲೆ ತಗೋ. ಮುನಿಗೋಳು ವೈನಿಗೆ ಏನೂ ಅಂದಿಲ್ಲಲ್ಲ!"

ಮಜ್ಜಿಗೆ ತಂದ ವೈನಿ, ತ್ರಿಶಲಾ, ಗಂಡನ ಕಡೆ ತಿರುಗಿದಳು. "ನನ್ನ ಹೆಸರಿಲೆ ತಗೊಂಡು ನಿಮ್ಮ ಪೆಟ್ಟಿಗ್ಯಾಗ ಇಟ್ರ ವ್ರತಕ್ಕ ಟೋಪಿ ಹಾಕಿದಂಗ. ನಂದಂದ್ರ ನಂದ. ನಾನ ಕಟಗೋತೀನಿ, ನಾನ ಚಾವಿ ಕೊಡ್ತೀನಿ. ನೀವು ಮುಟ್ಟಂಗಿಲ್ಲ. ಆತೇನ್ರಿ?"

"ಸಿಕ್ಕೊಂಡೆಲ್ಲೋ ಸಾವಕಾರ!" ಮುರಗೆಪ್ಪ ತೊಡೆ ತಟ್ಟಿ ನಕ್ಕ.

ನಾಲ್ಕು ದಿನಕ್ಕೆ ಬೇಸರಾಗಿ ತಾನೇ ತಂದು ಕೊಟ್ಟಾಳು ಎಂದುಕೊಂಡು ಧನಪಾಲ ಒಪ್ಪಿದ. ಆಕೆಗೆ ಬೇಸರಾಗಲಿಲ್ಲ. ಗಡಿಯಾರ ಕಟ್ಟಿಕೊಂಡೇ ಹಿಟ್ಟು ನಾದಲು ಕೂತಳು.

"ಒಳಗ ಹಿಟ್ಟ ಹೊಕ್ಕೀತ!"

"ನಿಮ್ಮ ಗಡಿಯಾರದಾಗೇನ ಹೊಕ್ಕಿಲ್ಲಲ್ಲ."

ಸಂಜೆ ಮಣಿಕಟ್ಟು ತಿರುಗಿಸಿ ನೋಡಿ, "ಹೊತ್ತ ಮುಳುಗೂದರಾಗ ಉಣ್ಣಾಕ ಏಳ್ರಿ," ಅನ್ನುವಳು. ಮೇಲೆ ಗೀರು ಬಿದ್ದವು. ಆದರೂ ಒಂದು ದಿನವೂ ಅದು ತಪ್ಪಲಿಲ್ಲ, ನಿಲ್ಲಲಿಲ್ಲ. ಪೆಟ್ಟಿಗೆಯೊಳಗೆ ಮಖಮಲ್ಲಿನಲ್ಲಿ ಮಲಗಿದವುಗಳಿಗಿಂತ ಚಲೋ ನಡೆಯಿತು.

ಬೆಳಿಗ್ಗೆ ಸಾಮಾಯಿಕದ ಧ್ಯಾನಕ್ಕೆ ಕೂಡುವಾಗ ಮಾತ್ರ ಆಕೆ ಅದನ್ನು ಬಿಚ್ಚಿ ಮಣೆಯ ಮೇಲಿಟ್ಟು, ಎರಡು ಘಳಿಗೆ ಕಣ್ಣುಮುಚ್ಚಿ ಕೂಡುತ್ತಿದ್ದಳು. ಎಂದೂ ಒಂದೆಡೆ ಕೂತವನಲ್ಲದ ಧನಪಾಲ, ಒಂದು ಬೆಳಿಗ್ಗೆ ಪಕ್ಕದಲ್ಲಿ ಚಾಪೆ ಹಾಸಿದ.

ಮೊದಲು ಅರೆಗಣ್ಣಿನಲ್ಲಿ ಮುಳ್ಳನ್ನೇ ನೋಡಿದ. ಮನೆ ನಿಶ್ಶಬ್ದ. ಗಡಿಯಾರದ ಸದ್ದು ಮೆಲ್ಲಗೆ ಮೇಲೆದ್ದಿತು, ಒಂದೇ ಸಮ, ಅವಸರವಿಲ್ಲದೆ. ರೆಪ್ಪೆ ತಾನೇ ಮುಚ್ಚಿತು. ಆಮೇಲೆ ಅದು ಮಣೆಯ ಮೇಲೆ ಬಡಿಯುತ್ತಿದೆಯೋ, ತನ್ನ ಎದೆಯೊಳಗೋ ತಿಳಿಯದಾಯಿತು. ಇಷ್ಟು ವರ್ಷ ಕೂಡಿಟ್ಟವನು ಇದನ್ನೊಮ್ಮೆಯೂ ಕೇಳಿರಲಿಲ್ಲ.

"ಏಳ್ರಿ, ಆತು," ತ್ರಿಶಲಾ ಪಟ್ಟಿ ಬಿಗಿಯುತ್ತ ಕೇಳಿದಳು, "ಸಾಮಾಯಿಕಕ್ಕ ಕೂತಿದ್ರೋ, ಇದನ್ನ ಕಾಯಾಕೋ?"

"ತಿಳಿವಲ್ದು," ಅಂದ ಧನಪಾಲ. ಕೂತಲ್ಲಿಂದ ಏಳಲಿಲ್ಲ. "ನಾಳೆನೂ ಕೂಡ್ತೀನಿ."